ಟೆಸ್ ಕತ್ತರಿಸಿಟ್ಟ ಪೇಪರ್ ಕಟಿಂಗ್

ಹುಬ್ಬಳ್ಳಿಯ ಖಾಸಗಿ ಕಂಪನಿಯೊಂದರಲ್ಲಿ ಸ್ಟೆನೊ ಆಗಿರುವ ಓದುಗರೊಬ್ಬರು ‘ವರ್ಕಿಂಗ್ ಗರ್ಲ್’ ಸಿನಿಮಾ ನೋಡಿ ಪತ್ರ ಬರೆದಿದ್ದಾರೆ. ಪತ್ರದ ಸಾರ ಇಷ್ಟು: “ಟೆಸ್ ‘ರೇಡಿಯೊ’ ಎಂದ ಕೂಡಲೇ ದೊಡ್ಡ ದೊಡ್ಡವರೆಲ್ಲ ಕಿವಿಗೊಡುತ್ತಾರೆ. ಯಾಕೆಂದು ನನಗೆ ಗೊತ್ತಾಗಲಿಲ್ಲ. ಸೆಕ್ರೆಟರಿಯೊಬ್ಬಳು ಅಷ್ಟು ದಿನ ಅಧಿಕಾರಿಯ ವೇಷದಲ್ಲಿ ನಿಭಾಯಿಸುವುದು ಸಾಧ್ಯವೇ? ಕೊನೆಗೆ ಪೇಪರ್ ಕಟಿಂಗ್ ತೋರಿಸಿ ಗೆಲ್ಲುತ್ತಾಳೆ. ನಾನು ಕೊಟ್ಟ ಸಲಹೆಯೊಂದು ಮ್ಯಾನೇಜರ್ ಹೆಸರಿನಲ್ಲಿ ಮೇಲಕ್ಕೆ ಹೋಯಿತು. ನನ್ನ ಹತ್ತಿರವೂ ಅಂಥ ಕಟಿಂಗ್ ಇದ್ದಿದ್ದರೆ ಆಗುತ್ತಿತ್ತೇ?”

ನಿಮ್ಮ ಮನಸ್ಸಿನಲ್ಲಿರುವುದು ಮೂರನೇ ಪ್ರಶ್ನೆ ಎಂಬುದು ನಮಗೆ ಗೊತ್ತಾಯಿತು. ಆದರೆ ಅದರ ಬೇರು ಮೊದಲನೆಯದರಲ್ಲೇ ಇದೆ. ಅಲ್ಲಿಂದಲೇ ಹೊರಡೋಣ.

ಸಿನಿಮಾ ನೋಡದವರಿಗಾಗಿ ಎರಡು ಮಾತು. 1988ರ ಡಿಸೆಂಬರ್‌ನಲ್ಲಿ ತೆರೆಕಂಡ ಚಿತ್ರ, ಮೈಕ್ ನಿಕೋಲ್ಸ್ ನಿರ್ದೇಶನ. ರಾತ್ರಿ ಕಾಲೇಜಿನಲ್ಲಿ ಓದಿ ಪದವಿ ಪಡೆದ ಟೆಸ್ (ಮೆಲನಿ ಗ್ರಿಫಿತ್) ನ್ಯೂಯಾರ್ಕಿನ ಹಣಕಾಸು ಸಂಸ್ಥೆಯೊಂದರಲ್ಲಿ ಸೆಕ್ರೆಟರಿ. ಟ್ರಾಸ್ಕ್ ಎಂಬ ಉದ್ಯಮಿ ಪ್ರಸಾರ ಕ್ಷೇತ್ರಕ್ಕೆ ಕಾಲಿಡಲು ನೋಡುತ್ತಿದ್ದಾನೆ. ಅವನು ಕೊಳ್ಳಬೇಕಾದ್ದು ರೇಡಿಯೊ ಎಂದು ಟೆಸ್ ತನ್ನ ಮೇಲಧಿಕಾರಿ ಕ್ಯಾಥರೀನ್‌ಗೆ (ಸಿಗೌರ್ನಿ ವೀವರ್) ಹೇಳುತ್ತಾಳೆ. ಅದರಲ್ಲೇನೂ ಹುರುಳಿಲ್ಲ ಎಂದು ಕ್ಯಾಥರೀನ್ ತೇಲಿಸಿಬಿಡುತ್ತಾಳೆ. ಹಿಮದ ಮೇಲೆ ಜಾರಾಟಕ್ಕೆ ಹೋಗಿ ಆಕೆ ಕಾಲು ಮುರಿದುಕೊಂಡಾಗ, ಆ ಸಲಹೆ ಕ್ಯಾಥರೀನ್ ಹೆಸರಿನಲ್ಲೇ ಮುಂದಕ್ಕೆ ಹೋಗುತ್ತಿರುವುದು ಟೆಸ್ ಕಣ್ಣಿಗೆ ಬೀಳುತ್ತದೆ. ಆಗ ಅವಳೇ ಅಧಿಕಾರಿಯ ವೇಷದಲ್ಲಿ ಆ ವ್ಯವಹಾರಕ್ಕೆ ಇಳಿಯುತ್ತಾಳೆ.

ಈಗ ರೇಡಿಯೊ. ಟ್ರಾಸ್ಕ್‌ಗೆ ಇರುವ ಭಯ, ಜಪಾನಿನ ಬಂಡವಾಳ ತನ್ನ ಕಂಪನಿಯನ್ನು ನುಂಗಿಬಿಟ್ಟರೆ ಎಂಬುದು. ಆ ಕಾಲಕ್ಕೆ ಅದು ಸುಳ್ಳು ಭಯವಲ್ಲ. 1985ರ ನಂತರ ಡಾಲರ್ ಎದುರು ಯೆನ್ ಬಲ ಏರುತ್ತ ಹೋಯಿತು. 1988ರ ಜನವರಿಯಲ್ಲಿ ಜಪಾನಿನ ಸೋನಿ ಕಂಪನಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್‌ನ ರೆಕಾರ್ಡ್ಸ್ ವಿಭಾಗವನ್ನು 200 ಕೋಟಿ ಡಾಲರ್‌ಗೆ ಕೊಂಡಿತು. ಕೊಂಡದ್ದು ಹಾಡಿನ ವ್ಯಾಪಾರ, ಸ್ಟೇಷನ್ನುಗಳನ್ನಲ್ಲ ಎಂಬುದನ್ನು ಗಮನಿಸಿ. ಹಾಡಿನ ತಟ್ಟೆ ಮಾರಲು ಸರ್ಕಾರದ ಲೈಸೆನ್ಸ್ ಬೇಕಿಲ್ಲ. ಗಾಳಿಯ ಮೇಲೆ ಪ್ರಸಾರ ಮಾಡಲು ಬೇಕು. ಅಮೆರಿಕದ 1934ರ ಸಂಪರ್ಕ ಕಾಯ್ದೆಯ 310ನೇ ಕಲಮಿನ ಪ್ರಕಾರ, ಲೈಸೆನ್ಸ್ ಹೊಂದಿದ ಕಂಪನಿಯಲ್ಲಿ ವಿದೇಶೀಯರ ಪಾಲು ಶೇ 20ನ್ನು ಮೀರುವಂತಿಲ್ಲ. ಅದರ ಮೇಲಿನ ಮಾತೃಸಂಸ್ಥೆಯಲ್ಲಾದರೆ ಶೇ 25ರ ಗೆರೆ. ಅದನ್ನು ದಾಟಿದರೆ ಎಫ್‌ಸಿಸಿ, ಅಂದರೆ ಅಲ್ಲಿನ ಸಂಪರ್ಕ ಆಯೋಗ, ಬೇಡ ಎನ್ನಬಹುದು. ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡಾಕ್ 1985ರಲ್ಲಿ ಆಸ್ಟ್ರೇಲಿಯದ ಪೌರತ್ವ ಬಿಟ್ಟು ಅಮೆರಿಕದ ಪ್ರಜೆಯಾದದ್ದು ಅಲ್ಲಿ ಟಿವಿ ಸ್ಟೇಷನ್ನುಗಳನ್ನು ಕೊಳ್ಳುವುದಕ್ಕಾಗಿಯೇ. ಟ್ರಾಸ್ಕ್ ಕೈಗೆ ಸ್ಟೇಷನ್ನುಗಳು ಬಂದರೆ ಅವನ ಇಡೀ ಕಂಪನಿಯ ಸುತ್ತ ಈ ಬೇಲಿ ತಾನಾಗಿ ಎದ್ದು ನಿಲ್ಲುತ್ತದೆ. ಕೊಳ್ಳುವುದು ಒಂದು ವ್ಯಾಪಾರ, ಸಿಗುವುದು ಎರಡು ಲಾಭ. ನಮ್ಮಲ್ಲೂ ಇಂಥ ಗೆರೆ ಇದೆ. ಖಾಸಗಿ ಎಫ್‌ಎಂ ರೇಡಿಯೊದಲ್ಲಿ ವಿದೇಶಿ ಬಂಡವಾಳದ ಮಿತಿಯನ್ನು 2015ರಲ್ಲಿ ಶೇ 26ರಿಂದ 49ಕ್ಕೆ ಏರಿಸಿದರು.

ಹಾಗಾದರೆ ಟಿವಿಯೇ ಯಾಕಾಗಬಾರದು? ಅದರ ಬೆಲೆ ಬಹಳ ಹೆಚ್ಚು. ಜೊತೆಗೆ ಆಗಿನ ನಿಯಮದಂತೆ ಒಬ್ಬ ಮಾಲೀಕನಿಗೆ ಸಾಮಾನ್ಯವಾಗಿ 12 ಟಿವಿ ಸ್ಟೇಷನ್, ಅದೂ ದೇಶದ ಟಿವಿ ಮನೆಗಳಲ್ಲಿ ಕಾಲು ಭಾಗವನ್ನು ಮೀರದಂತೆ. ರೇಡಿಯೊದಲ್ಲಿ 12 ಎಎಂ, 12 ಎಫ್‌ಎಂ ಇಟ್ಟುಕೊಳ್ಳಬಹುದಿತ್ತು, ಮನೆಗಳ ಲೆಕ್ಕದ ಮಿತಿ ಅದಕ್ಕಿರಲಿಲ್ಲ. ಕಡಿಮೆ ದುಡ್ಡಿಗೆ ಅದೇ ಬೇಲಿ.

ಇಲ್ಲೊಂದು ಸೂಕ್ಷ್ಮವಿದೆ. ಲೈಸೆನ್ಸ್ ಇರುವುದು ಒಂದೊಂದು ಸ್ಟೇಷನ್ನಿಗೆ; ಕಾರ್ಯಕ್ರಮ ತಯಾರಿಸಿ ಹಂಚುವ ಜಾಲಕ್ಕೆ ಅಲ್ಲ. ಟ್ರಾಸ್ಕ್ ಬರೀ ಜಾಲವನ್ನು ಕೊಂಡಿದ್ದರೆ ಬೇಲಿಯಲ್ಲಿ ದೊಡ್ಡ ಕಂಡಿ ಉಳಿಯುತ್ತಿತ್ತು. ಇನ್ನೊಂದು ವಿಷಯವನ್ನು ಸಿನಿಮಾ ಹಾರಿಸಿಬಿಟ್ಟಿದೆ: ಲೈಸೆನ್ಸ್ ಕೈಬದಲಾಗುವ ಮೊದಲೇ ಎಫ್‌ಸಿಸಿ ಒಪ್ಪಿಗೆ ಬೇಕು, ಆಕ್ಷೇಪಣೆಗೆ 30 ದಿನ ಕಾಲಾವಕಾಶ ಕೊಡಬೇಕು. ಹಾಗಾಗಿ ಕೊನೆಯ ಸಭೆಯಲ್ಲಿ ಆಗಬಹುದಾದದ್ದು ಒಪ್ಪಂದಕ್ಕೆ ಸಹಿ ಮಾತ್ರ. ವ್ಯವಹಾರ ಮುಗಿಯಲು ತಿಂಗಳುಗಳೇ ಹಿಡಿಯುತ್ತವೆ. ಎರಡು ಗಂಟೆಯ ಹಾಸ್ಯಚಿತ್ರದಲ್ಲಿ ಅದನ್ನೆಲ್ಲ ತೋರಿಸಲಾಗದು, ತೋರಿಸಬೇಕಾಗಿಯೂ ಇಲ್ಲ.

ಎರಡನೇ ಪ್ರಶ್ನೆ, ವೇಷ. ಕೆಲವು ವಾರದ ಮಟ್ಟಿಗೆ ನಂಬಬಹುದು ಎಂದೇ ನಮ್ಮ ಅಭಿಪ್ರಾಯ. 1988ರ ಹೆಚ್ಚಿನ ಆಫೀಸುಗಳಲ್ಲಿ ಇಮೇಲ್ ಇನ್ನೂ ರೂಢಿಗೆ ಬಂದಿರಲಿಲ್ಲ. ಅಧಿಕಾರಿಯ ಫೋನು, ಡೈರಿ, ಲೆಟರ್‌ಹೆಡ್, ಡಿಕ್ಟೇಷನ್ ಟೇಪು ಎಲ್ಲವೂ ಹಾದುಹೋಗುತ್ತಿದ್ದುದು ಸೆಕ್ರೆಟರಿಯ ಮೇಜಿನ ಮೂಲಕವೇ. ಯಾರಿಗೆ ಭೇಟಿ ಕೊಡಬೇಕು, ಯಾರ ಕರೆ ಒಳಗೆ ಹೋಗಬೇಕು ಎಂಬುದು ಆಕೆಯ ಕೈಯಲ್ಲಿತ್ತು. ಕ್ಯಾಥರೀನ್ ಮಾತಿನ ಟೇಪ್ ಹಾಕಿಕೊಂಡು ಟೆಸ್ ಆ ಉಚ್ಚಾರವನ್ನು ಅಭ್ಯಾಸ ಮಾಡುವ ದೃಶ್ಯವನ್ನು ಇನ್ನೊಮ್ಮೆ ನೋಡಿ. ಬಾಗಿಲ ಹೊರಗೆ ನಿಂತವಳನ್ನು ಗುರುತಿಸುತ್ತಿದ್ದುದು ಅವಳ ಉಡುಪು, ತಲೆಗೂದಲು, ಮಾತು ಈ ಮೂರರಿಂದ. ಅವಳು ಬದಲಿಸಿಕೊಳ್ಳುವುದೂ ಆ ಮೂರನ್ನೇ. ಸ್ಕರ್ಟಿನ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಸ್ಟೇಟನ್ ಐಲೆಂಡಿನ ದೋಣಿಯಲ್ಲಿ 25 ನಿಮಿಷ ಪ್ರಯಾಣ ಮಾಡಿ, ಆಫೀಸಿಗೆ ಬಂದು ಹಿಮ್ಮಡಿ ಬೂಟಿಗೆ ಬದಲಿಸುವ ರೂಢಿಯೂ ನಿಜದ್ದೇ. 1980ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬಸ್ಸು, ರೈಲು 11 ದಿನ ನಿಂತಾಗ ನಡೆದು ಹೋದ ಹೆಂಗಸರು ಆ ಅಭ್ಯಾಸವನ್ನು ಬಿಡಲಿಲ್ಲ.

ಸಿಕ್ಕಿಬೀಳುವುದು ಎಲ್ಲಿ ಎಂದರೆ ಸಹಿಯಲ್ಲಿ. ಗ್ರಾಹಕನ ಪರವಾಗಿ ಕೆಲಸ ಮಾಡುತ್ತೇವೆಂಬ ಪತ್ರಕ್ಕೆ ಅಧಿಕಾರವುಳ್ಳವರೇ ಸಹಿ ಹಾಕಬೇಕು, ಶುಲ್ಕ ಎಷ್ಟೆಂದು ಬರೆಯಬೇಕು, ಅದೇ ಸಂಸ್ಥೆ ಎದುರು ಪಕ್ಷಕ್ಕೂ ಕೆಲಸ ಮಾಡುತ್ತಿಲ್ಲವೆಂದು ಕಾನೂನು ವಿಭಾಗ ನೋಡಬೇಕು. ಟೆಸ್ ಒಬ್ಬಳೇ ಹೋಗಿದ್ದರೆ ಮೊದಲ ವಾರದಲ್ಲೇ ಅಲ್ಲಿ ಎಡವುತ್ತಿದ್ದಳು. ಚಿತ್ರಕಥೆ ಬರೆದ ಕೆವಿನ್ ವೇಡ್ ಆ ತೂತನ್ನು ಜಾಣತನದಿಂದ ಮುಚ್ಚಿದ್ದಾರೆ: ಜಾಕ್ ಟ್ರೇನರ್ (ಹ್ಯಾರಿಸನ್ ಫೋರ್ಡ್) ಬೇರೆ ಸಂಸ್ಥೆಯವನು, ಅವನಿಗೆ ಅಧಿಕಾರವಿದೆ. ಅವನು ಪ್ರೇಮಕ್ಕಾಗಿ ಬಂದ ಪಾತ್ರವೆಂದು ನೋಡುವವರು ಅವನ ಸಹಿಯ ಬೆಲೆಯನ್ನು ಮರೆಯುತ್ತಾರೆ.

ಇನ್ನು ಕಟಿಂಗ್. ಮರಳಿ ಬಂದ ಕ್ಯಾಥರೀನ್ ಆ ಉಪಾಯ ತನ್ನದೇ ಎನ್ನುತ್ತಾಳೆ. ಟೆಸ್ ಕೊನೆಗೆ ಟ್ರಾಸ್ಕ್‌ಗೆ ತೋರಿಸುವುದು ವ್ಯಾಪಾರ ಪತ್ರಿಕೆಯ ಒಂದು ಲೇಖನ, ದಿನಪತ್ರಿಕೆಯ ಹರಟೆ ಪುಟದಲ್ಲಿದ್ದ ರೇಡಿಯೊ ಮಾತುಗಾರನೊಬ್ಬನ ಸುದ್ದಿ, ಪುಟ ತಿರುವಿದಾಗ ಕಂಡ ಟ್ರಾಸ್ಕ್ ಮಗಳ ಫೋಟೊ. ಮೂರೂ ಯಾರು ಬೇಕಾದರೂ ಕಾಸು ಕೊಟ್ಟು ಕೊಳ್ಳಬಹುದಾದ ಕಾಗದ. ಅವುಗಳಿಂದ ಯಾವ ಹಕ್ಕೂ ಹುಟ್ಟುವುದಿಲ್ಲ. ಕಾಪಿರೈಟ್ ಕಾನೂನು ಬರೆದ ರೂಪವನ್ನು ಕಾಯುತ್ತದೆ, ಹೊಳೆದ ಉಪಾಯವನ್ನಲ್ಲ. ಟ್ರಾಸ್ಕ್ ಕೇಳುವುದೂ ಇದು ಯಾರದ್ದು ಎಂದಲ್ಲ, ಇದು ನಿನಗೆ ಹೇಗೆ ಹೊಳೆಯಿತು ಎಂದು. ಕ್ಯಾಥರೀನ್ ಬಳಿ ಫಲವಿತ್ತು, ಆದರೆ ಗಿಡ ಬೆಳೆದ ದಾರಿ ಗೊತ್ತಿರಲಿಲ್ಲ. ಅಲ್ಲೇ ತಡವರಿಸುತ್ತಾಳೆ. ಇಡೀ ಸಿನಿಮಾದಲ್ಲಿ ನಮಗೆ ಅತಿ ಪ್ರಿಯವಾದ ದೃಶ್ಯ ಇದೇ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಕಟಿಂಗ್ ಮಾತ್ರ ಸಾಲದು, ಅದರ ಜೊತೆ ದಾರಿಯೂ ಬೇಕು. ಕತ್ತರಿಸಿದ ತುಂಡಿನ ಅಂಚಿನಲ್ಲಿ ಪತ್ರಿಕೆಯ ಹೆಸರು, ತಾರೀಖು, ಪುಟ ಸಂಖ್ಯೆ ಬರೆಯಿರಿ. ಅದನ್ನು ಓದಿ ಏನು ಹೊಳೆಯಿತೆಂದು ಅದೇ ದಿನ ನಾಲ್ಕು ಸಾಲು ಬರೆದಿಡಿ: ಈಗ ಏನಾಗುತ್ತಿದೆ, ಏನು ಬದಲಿಸಬಹುದು, ಖರ್ಚೆಷ್ಟು, ಎಡವಟ್ಟಾದರೆ ಎಲ್ಲಿ. ಮೂರನೇ ಸಾಲನ್ನು ಬಿಡಬೇಡಿ. ಅಂಕಿಯಿಲ್ಲದ ಸಲಹೆಯನ್ನು ಯಾರು ಬೇಕಾದರೂ ಎತ್ತಿಕೊಂಡು ತಮ್ಮ ಅಂಕಿ ಸೇರಿಸಿದರೆ ಅದು ಅವರದ್ದಾಗುತ್ತದೆ. ಚಹಾ ಕುಡಿಯುತ್ತ ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ, ನಿಮ್ಮ ಸಲಹೆಗೆ ಆದದ್ದು ಬಹುಶಃ ಅದೇ. ಮ್ಯಾನೇಜರ್‌ಗೆ ಇಮೇಲ್ ಮಾಡಿ, ಆ ಕೆಲಸಕ್ಕೆ ನಿಜವಾಗಿ ಸಂಬಂಧಪಟ್ಟ ಇನ್ನೊಬ್ಬರಿಗೆ ಪ್ರತಿ ಹಾಕಿ. ಸಂಬಂಧವೇ ಇಲ್ಲದ ಮೇಲಿನವರಿಗೆ ಹಾಕಿದರೆ ಅದು ದೂರಿನಂತೆ ಕಾಣುತ್ತದೆ. ಕಂಪನಿಯ ಗುಟ್ಟಿನ ಕಡತದ ನಕಲು ಮನೆಗೆ ಒಯ್ಯಬೇಡಿ; ಟೆಸ್ ತೋರಿಸಿದ್ದೆಲ್ಲ ಅಂಗಡಿಯಲ್ಲಿ ಸಿಗುವ ಪತ್ರಿಕೆ ಎಂಬುದು ನೆನಪಿರಲಿ.

ಈಗಾಗಲೇ ಮೇಲೆ ಹೋಗಿರುವ ಸಲಹೆಯನ್ನು ಮರಳಿ ಕೇಳಲು ಹೋಗಬೇಡಿ. ಅದು ಜಾರಿಯಾಗುವಾಗ ಲೆಕ್ಕ ಎಲ್ಲೋ ಒಂದು ಕಡೆ ತಪ್ಪುತ್ತದೆ, ಎಲ್ಲಿ ಎಂದು ನಿಮಗೆ ಮೊದಲೇ ಗೊತ್ತಿರುತ್ತದೆ. ಅದನ್ನು ಒಂದು ಪುಟದಲ್ಲಿ ಈ ವಾರವೇ ಬರೆದು ತಾರೀಖು ಹಾಕಿ ಕಳಿಸಿ.

— ಸಂಪಾದಕರು