ಬೆಲ್ಲ ಅಚ್ಚು ಕಟ್ಟಲಿಲ್ಲ: ಸಕ್ಕರೆ ‘ಇನ್ವರ್ಟ್’ ಆಯಿತೇ?

ಪ್ರಶ್ನೆ: ಮದ್ದೂರಿನ ಬಳಿ ನಮ್ಮದೊಂದು ಆಲೆಮನೆ ಇದೆ. ಕಡಿದು ನಾಲ್ಕು ದಿನವಾದ ಕಬ್ಬನ್ನು ಗಾಣಕ್ಕೆ ಕೊಟ್ಟೆವು. ಬೆಲ್ಲ ಅಂಟಂಟಾಗಿ, ಅಚ್ಚಿನಲ್ಲಿ ನಿಲ್ಲಲೇ ಇಲ್ಲ. ‘ಸಕ್ಕರೆ ಇನ್ವರ್ಟ್ ಆಗಿದೆ’ ಎಂದರು ಪರಿಚಿತರೊಬ್ಬರು. ಪಿಯುಸಿ ಓದುವ ಮಗಳ ರಸಾಯನಶಾಸ್ತ್ರದ ಪುಸ್ತಕದಲ್ಲೂ ಈ ಪದವಿದೆ. ಇದರಲ್ಲಿ ತಿರುವುಮುರುವಾಗುವುದು ಏನು?

ಉತ್ತರ: ಸಕ್ಕರೆಯಲ್ಲ, ಬೆಳಕು! ಕಬ್ಬಿನ ಸಕ್ಕರೆಯ, ಅಂದರೆ ಸುಕ್ರೋಸಿನ ದ್ರಾವಣದಲ್ಲಿ ಧ್ರುವೀಕೃತ ಬೆಳಕನ್ನು, ಎಂದರೆ ಒಂದೇ ತಲದಲ್ಲಿ ಕಂಪಿಸುವ ಬೆಳಕನ್ನು ಹಾಯಿಸಿದರೆ ಅದರ ಕಂಪನತಲ ಬಲಕ್ಕೆ ತಿರುಗುತ್ತದೆ. ಸುಕ್ರೋಸಿನ ವಿಶಿಷ್ಟ ಆವರ್ತನೆ, ಅಂದರೆ ಗೊತ್ತುಮಾಡಿದ ಅಳತೆಯಲ್ಲಿ ಅದು ಬೆಳಕನ್ನು ತಿರುಗಿಸುವ ಪ್ರಮಾಣ, +66.5 ಡಿಗ್ರಿ (+ ಎಂದರೆ ಬಲಕ್ಕೆ). ಆಮ್ಲವೋ ಇನ್ವರ್ಟೇಸ್ ಎಂಬ ಕಿಣ್ವವೋ ಸೇರಿದಾಗ ಸುಕ್ರೋಸ್ ನೀರಿನ ಒಂದು ಅಣುವನ್ನು ಸೇರಿಸಿಕೊಂಡು ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ಗ್ಲೂಕೋಸ್ ಬಲಕ್ಕೆ ಸುಮಾರು 52 ಡಿಗ್ರಿ ಎಳೆದರೆ ಫ್ರಕ್ಟೋಸ್ ಎಡಕ್ಕೆ 92ರಷ್ಟು ಎಳೆಯುತ್ತದೆ. ಜಗ್ಗಾಟದಲ್ಲಿ ಗೆಲ್ಲುವುದು ಎಡವೇ. ಬಲದ ಗುರುತು ಎಡಕ್ಕೆ ಬಿತ್ತಲ್ಲ, ಅದಕ್ಕೇ ಆ ಹೆಸರು. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದವರು ‘ಪೋಲ್’ ಎನ್ನುವುದು ಇದೇ ತಿರುಗುವಿಕೆಯಿಂದ ತೆಗೆದ ಸಕ್ಕರೆಯ ಅಂಶದ ಲೆಕ್ಕ. 1850ರಲ್ಲಿ ಜರ್ಮನಿಯ ವಿಲ್ಹೆಲ್ಮಿ ಇದನ್ನೇ ಹಿಡಿದು, ರಾಸಾಯನಿಕ ಕ್ರಿಯೆಯೊಂದು ಎಷ್ಟು ವೇಗವಾಗಿ ನಡೆಯುತ್ತದೆ ಎಂದು ಅಳೆದ.

ನಿಮ್ಮ ಪರಿಚಿತರು ಹೇಳಿದ್ದು ಸರಿಯೇ. ಕಡಿದ ಕಬ್ಬು ಸುಮ್ಮನೆ ಬಿದ್ದಿರುವುದಿಲ್ಲ. ಅದರೊಳಗಿನ ಇನ್ವರ್ಟೇಸ್ ಕೆಲಸ ಮಾಡುತ್ತಲೇ ಇರುತ್ತದೆ, ಬಿಸಿಲಿನಲ್ಲಿ ಇನ್ನೂ ಚುರುಕಾಗಿ. ರಸ ಹುಳಿಯಾದಷ್ಟೂ ಒಡೆಯುವಿಕೆ ಹೆಚ್ಚು. ಕೊಪ್ಪರಿಗೆಯ ಕಾವು ಅದಕ್ಕೆ ಮತ್ತಷ್ಟು ಕುಮ್ಮಕ್ಕು. ಬೆಲ್ಲಕ್ಕೆ ಗಟ್ಟಿತನ ಕೊಡುವುದು ಸುಕ್ರೋಸಿನ ಹರಳು. ಫ್ರಕ್ಟೋಸೋ, ಹರಳುಗಟ್ಟಲು ಹಟಮಾರಿ, ಗಾಳಿಯ ತೇವವನ್ನು ಹೀರುವುದರಲ್ಲಿ ನಿಸ್ಸೀಮ. ಮಳೆಗಾಲದಲ್ಲಿ ಬೆಲ್ಲ ಬೆವರುವುದಕ್ಕೂ ಇದೊಂದು ಕಾರಣ. ರಸಕ್ಕೆ ಸುಣ್ಣದ ತಿಳಿ ಹಾಕುವ ಹಿರಿಯರ ಪದ್ಧತಿ ಆ ಹುಳಿಯನ್ನು ಅಡಗಿಸಲೆಂದೇ; ಆದರೆ ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಕಡಿದ ಕಬ್ಬನ್ನು ಅಂದೇ, ತಪ್ಪಿದರೆ ಮರುದಿನ ಅರೆಯುವುದಕ್ಕಿಂತ ಒಳ್ಳೆಯ ಮದ್ದಿಲ್ಲ.

ಇನ್ವರ್ಟ್ ಎಂದೊಡನೆ ಕಲಬೆರಕೆ ಎಂದು ಭಾವಿಸಬೇಡಿ. ಜೇನುತುಪ್ಪದ ಬಹುಪಾಲು ಇಂಥದೇ ಸಕ್ಕರೆ. ಜಾಮೂನಿನ ಪಾಕ ಸಕ್ಕರೆಗಟ್ಟದಿರಲೆಂದು ನಾಲ್ಕು ಹನಿ ನಿಂಬೆರಸ ಹಿಂಡುವವರು ಬೇಕೆಂದೇ ಮಾಡುವುದೂ ಇದನ್ನೇ. ಬಿಸ್ಕತ್ತಿನ ಪೊಟ್ಟಣದ ಮೇಲೆ ‘ಇನ್ವರ್ಟ್ ಸಿರಪ್’ ಎಂದಿದ್ದರೂ ಅರ್ಥ ಅಷ್ಟೇ.

ನಿಮ್ಮ ಮಗಳಿಗೆ ಒಂದು ಮಾತು: ಹ್ಯಾಲೋಆಲ್ಕೇನ್‌ಗಳ ಪಾಠದಲ್ಲಿ ಬರುವ ‘ಇನ್ವರ್ಶನ್’ ಬೇರೆಯದು. ಅಲ್ಲಿ ಗಾಳಿಗೆ ಕೊಡೆ ಮಗುಚಿದಂತೆ ಇಂಗಾಲದ ಸುತ್ತಲಿನ ಬಂಧಗಳೇ ಮಗುಚಿಕೊಳ್ಳುತ್ತವೆ. ಬೆಳಕು ಯಾವ ಕಡೆ ತಿರುಗಿತು ಎಂಬುದರಿಂದ ಅದನ್ನು ತೀರ್ಮಾನಿಸಲಾಗದು. ಪರೀಕ್ಷೆಯಲ್ಲಿ ಎರಡನ್ನೂ ಬೆರೆಸಿ ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ.