ಲೆಕ್ಕ ‘ಸ್ಥಿರ’ ಅಂದರೂ ಹೊಲ ಯಾಕೆ ಸವಳಾಗುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಗಣಿತದವರು ಮಣ್ಣಿನ ಬಗ್ಗೆ ಕೇಳಿದ್ದಾರೆ, ಮಣ್ಣಿನವರು ಗಣಿತದ ಬಗ್ಗೆ ಕೇಳಿದ್ದಾರೆ. ನನಗೆ ಖುಷಿಯಾಯಿತು. ಒಂದರ ಉತ್ತರ ಇನ್ನೊಂದಕ್ಕೆ ಬೇಕಾಗುತ್ತದೆ. ಹಾಗಾಗಿ ಓದುವಾಗ ಮೇಲಿನಿಂದಲೇ ಓದಿ.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿದ್ದೇನೆ. ಮ್ಯಾಟ್ರಿಕ್ಸ್‌ನ ಐಗನ್ ಬೆಲೆ ಕಂಡುಹಿಡಿಯಲು ಬರುತ್ತದೆ. ಅದು ಏನು ಹೇಳುತ್ತದೆ ಅನ್ನೋದು ಮಾತ್ರ ತಲೆಗೆ ಹೋಗಿಲ್ಲ. ಬೆಳೆ, ಮಣ್ಣು ಇವಕ್ಕೂ ಇದನ್ನು ಬಳಸುತ್ತಾರಂತೆ, ಹೇಗೆ?

ಒಂದು ಹಾಳೆ ತಗೊಳ್ಳಿ. ಎರಡೇ ಅಂಕಿ ಬರೆದುಕೊಳ್ಳೋಣ. ಮೊದಲನೆಯದು, ಬೆಳೆ ಎಂದಿನ ಮಟ್ಟಕ್ಕಿಂತ ಎಷ್ಟು ಹಿಂದೆ ಬಿದ್ದಿದೆ. ಎರಡನೆಯದು, ಬೇರಿನ ಸುತ್ತಲಿನ ಮಣ್ಣಿನಲ್ಲಿ ಎಂದಿಗಿಂತ ಎಷ್ಟು ಉಪ್ಪು ಜಾಸ್ತಿ ಇದೆ. ಎರಡೂ ಸೊನ್ನೆ ಆಗಿದ್ದರೆ ಹೊಲ ಮಾಮೂಲಾಗಿದೆ ಅಂತ ಅರ್ಥ.

ಈಗ ಮುಂದಿನ ಹಂಗಾಮಿಗೆ ಏನಾಗುತ್ತದೆ? ಬೆಳೆಯ ಹಿನ್ನಡೆಯಲ್ಲಿ ಅರ್ಧ ಉಳಿಯುತ್ತದೆ ಅನ್ನಿ, ಯಾಕೆಂದರೆ ಬೆಳೆ ಸೊರಗಿದರೆ ಮಣ್ಣಿಗೆ ಮರಳುವ ಬೇರು, ಕೂಳೆಯೂ ಕಮ್ಮಿ. ಉಪ್ಪಿನಲ್ಲಿ ಅರ್ಧ ನೀರಿನ ಜೊತೆ ಕೆಳಗೆ ಬಸಿದು ಹೋಗುತ್ತದೆ, ಅರ್ಧ ಉಳಿಯುತ್ತದೆ. ಜೊತೆಗೆ, ಒಂದು ಪಾಲು ಹೆಚ್ಚುವರಿ ಉಪ್ಪು ಬೆಳೆಯನ್ನು 2 ಪಾಲು ಹಿಂದಕ್ಕೆ ತಳ್ಳುತ್ತದೆ. ಅಂಕಿಗಳನ್ನು ಲೆಕ್ಕ ಸುಲಭವಾಗಲಿ ಅಂತ ನಾನೇ ಇಟ್ಟಿದ್ದೇನೆ. ಇವನ್ನು ಸಾಲು ಸಾಲಾಗಿ ಜೋಡಿಸಿ ಬರೆದರೆ ಅದೇ ಮ್ಯಾಟ್ರಿಕ್ಸ್. ಬೆಳೆಯ ಲೆಕ್ಕ ಹೇಳುವ ಮೊದಲ ಸಾಲು 0.5, 2. ಉಪ್ಪಿನ ಲೆಕ್ಕ ಹೇಳುವ ಎರಡನೇ ಸಾಲು 0, 0.5. ಇಷ್ಟೇ.

ಏರುಪೇರು ಕೊನೆಗೆ ಹಂಗಾಮಿನಿಂದ ಹಂಗಾಮಿಗೆ ಎಷ್ಟು ಪಟ್ಟಾಗುತ್ತಾ ಹೋಗುತ್ತದೆ ಅಂತ ಹೇಳುವ ಅಂಕಿಯೇ ಐಗನ್ ಬೆಲೆ. ಎಡಗಡೆ ಕೆಳಗೆ ಸೊನ್ನೆ ಇರುವುದರಿಂದ ಕರ್ಣದ (ಎಡ ಮೇಲಿನಿಂದ ಬಲ ಕೆಳಕ್ಕೆ ಹೋಗುವ ಗೆರೆಯ) ಮೇಲಿನ ಅಂಕಿಗಳೇ ಐಗನ್ ಬೆಲೆಗಳು. ಎರಡೂ 0.5. ಹಂಗಾಮಿನಿಂದ ಹಂಗಾಮಿಗೆ ಹೋಗುವ ಲೆಕ್ಕದಲ್ಲಿ ಐಗನ್ ಬೆಲೆಗಳ ಗಾತ್ರ 1ಕ್ಕಿಂತ ಕಮ್ಮಿ ಇದ್ದರೆ ವ್ಯವಸ್ಥೆ ಸ್ಥಿರ. ಏನೇ ಏರುಪೇರಾದರೂ ಕೊನೆಗೆ ಸೊನ್ನೆಗೆ ಮರಳುತ್ತದೆ. ನಿಮ್ಮ ಪ್ರಶ್ನೆಗೆ ಪುಸ್ತಕದ ಉತ್ತರ ಇಲ್ಲಿಗೆ ಮುಗಿಯಿತು.

ಆದರೆ ಆ ‘ಕೊನೆಗೆ’ ಅನ್ನುವ ಪದವನ್ನು ಸ್ವಲ್ಪ ಹಿಡಿದು ನೋಡಿ. ಬೆಳೆ ಚೆನ್ನಾಗಿದೆ, ಉಪ್ಪು ಮಾತ್ರ 1 ಪಾಲು ಜಾಸ್ತಿ ಅಂತ ಶುರು ಮಾಡಿ. ಮುಂದಿನ ಹಂಗಾಮುಗಳಲ್ಲಿ ಬೆಳೆಯ ಹಿನ್ನಡೆ ಹೀಗೆ ಸಾಗುತ್ತದೆ: 2, ಮತ್ತೆ 2, ಆಮೇಲೆ 1.5, 1, 0.6. ಅಂದರೆ ಇಳಿಯುವ ಮೊದಲು ಏರುತ್ತದೆ. ಎಲ್ಲ ಸರಿಹೋಗುತ್ತದೆ ಅಂತ ಐಗನ್ ಬೆಲೆ ಹೇಳಿದ್ದು ಸುಳ್ಳಲ್ಲ. ನಡುವೆ ನಾಲ್ಕು ಹಂಗಾಮು ಕೆಟ್ಟದ್ದನ್ನು ಮಾತ್ರ ಅದು ಹೇಳಲಿಲ್ಲ, ಅಲ್ವಾ? ಪರಿಸರ ವಿಜ್ಞಾನಿಗಳಾದ ಮೈಕೆಲ್ ನ್ಯೂಬರ್ಟ್ ಮತ್ತು ಹ್ಯಾಲ್ ಕ್ಯಾಸ್ವೆಲ್ 1997ರಲ್ಲಿ ಎತ್ತಿದ ಪ್ರಶ್ನೆಯೇ ಇದು. ಪೆಟ್ಟು ಬಿದ್ದ ತಕ್ಷಣ ಏರುಪೇರು ಎಷ್ಟು ಉಬ್ಬಬಹುದು ಅನ್ನುವುದಕ್ಕೆ ಅವರು ‘ರಿಯಾಕ್ಟಿವಿಟಿ’ ಅಂತ ಹೆಸರಿಟ್ಟು, ಅದನ್ನು ಅಳೆಯುವ ದಾರಿ ತೋರಿಸಿದರು.

ಇನ್ನು ಎಡಗಡೆ ಕೆಳಗಿದ್ದ ಆ ಸೊನ್ನೆಯ ವಿಚಾರ. ಬೆಳೆ ತೆಳ್ಳಗಾದರೆ ನೆಲ ಬಯಲಾಗುತ್ತದೆ. ಬಿಸಿಲಿಗೆ ಮಣ್ಣಿನ ನೀರು ಮೇಲೆ ಬಂದು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಅಂದರೆ ಸೊನ್ನೆಯ ಜಾಗದಲ್ಲಿ ನಿಜವಾಗಿ ಒಂದು ಅಂಕಿ ಇರಬೇಕು. ಅದು ಎಷ್ಟಾದರೆ ಕಥೆ ಕೆಡುತ್ತದೆ? ಲೆಕ್ಕ ಮಾಡಿ ನೋಡಿ, ಬರೀ 0.125. ಅಷ್ಟಾದರೆ ದೊಡ್ಡ ಐಗನ್ ಬೆಲೆ ಸರಿಯಾಗಿ 1 ಆಗುತ್ತದೆ. ಅದನ್ನು ದಾಟಿದರೆ ಉಪ್ಪು ಬೆಳೆಯನ್ನು, ಬೆಳೆ ಉಪ್ಪನ್ನು ದೂಡುತ್ತಾ ಹೋಗುತ್ತವೆ. ಕರ್ಣದ ಆಚೀಚೆ ಇರುವ ಎರಡು ಅಂಕಿಗಳ ಗುಣಲಬ್ಧವೇ ಇಲ್ಲಿ ಮುಖ್ಯ. ಒಂದು ಸೊನ್ನೆ ಆದರೆ ಇನ್ನೊಂದು ಎಷ್ಟು ದೊಡ್ಡದಿದ್ದರೂ ಐಗನ್ ಬೆಲೆ ಅಲುಗಾಡುವುದಿಲ್ಲ.

ಹಾಗಾಗಿ ಬೆಳೆಗಾರನ ಕೈಯಲ್ಲಿ ಎರಡು ದಾರಿ ಇವೆ. ನೆಲಕ್ಕೆ ಹೊದಿಕೆ ಹಾಕಿ ಕೆಳಗಿನ ಅಂಕಿ ಇಳಿಸಬಹುದು. ಇಲ್ಲವೇ ಬೆಳೆ ಬದಲಿಸಿ ಮೇಲಿನ ಅಂಕಿ ಇಳಿಸಬಹುದು. ಯಾವ ಬೆಳೆ ಎಷ್ಟು ಉಪ್ಪು ತಡೆಯುತ್ತದೆ ಅಂತ ಮಾಸ್ ಮತ್ತು ಹಾಫ್‌ಮನ್ 1977ರಲ್ಲಿ ಕೊಟ್ಟ ಪಟ್ಟಿಯಲ್ಲಿ ಬೀನ್ಸ್‌ಗೆ ಮಣ್ಣಿನ ಲವಣಾಂಶ ಮೀಟರ್‌ಗೆ 1 ಡೆಸಿಸೀಮೆನ್ಸ್ (ಉಪ್ಪು ಹೆಚ್ಚಿದಷ್ಟೂ ಏರುವ ವಿದ್ಯುತ್ ಹರಿವಿನ ಅಳತೆ) ದಾಟಿದ ಮೇಲೆ ಪ್ರತಿ ಡೆಸಿಸೀಮೆನ್ಸ್‌ಗೆ ಶೇ 19ರಷ್ಟು ಇಳುವರಿ ಹೋಗುತ್ತದೆ. ಬಾರ್ಲಿ 8ರವರೆಗೆ ತಡೆಯುತ್ತದೆ, ಆಮೇಲೆ ಶೇ 5ರ ಲೆಕ್ಕದಲ್ಲಿ ಇಳಿಯುತ್ತದೆ. ನಮ್ಮ 2 ಅನ್ನುವ ಅಂಕಿ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿದ ಹಾಗೆ.

ಪ್ರಶ್ನೆ: ದೊಡ್ಡ ಮ್ಯಾಟ್ರಿಕ್ಸ್ ಆದರೆ ಐಗನ್ ಬೆಲೆ ಕೈಯಲ್ಲಿ ತೆಗೆಯಲು ಆಗಲ್ಲ. ಕಣ್ಣಳತೆಯಲ್ಲಿ ಹೇಳುವ ಉಪಾಯ ಇದೆಯಾ?

ಇದೆ. ಗಣಿತಜ್ಞ ಗೆರ್ಶ್‌ಗೋರಿನ್ 1931ರಲ್ಲಿ ಕೊಟ್ಟ ನಿಯಮ. ಪ್ರತಿ ಸಾಲಿನ ಅಂಕಿಗಳ ಗಾತ್ರ ಕೂಡಿಸಿ. ಎಲ್ಲ ಸಾಲೂ 1ಕ್ಕಿಂತ ಕಮ್ಮಿ ಬಂದರೆ ಸ್ಥಿರ, ನಿಶ್ಚಿಂತೆಯಿಂದಿರಿ. ಜಾಸ್ತಿ ಬಂದರೆ ಮಾತ್ರ ಏನೂ ಹೇಳಲು ಬರುವುದಿಲ್ಲ. ಮೇಲಿನ ಉದಾಹರಣೆಯ ಮೊದಲ ಸಾಲಿನ ಮೊತ್ತ 2.5, ಆದರೂ ಅದು ಸ್ಥಿರ.

ಪ್ರಶ್ನೆ: ಬಿತ್ತನೆ ಹಂಗಾಮಿಗೆ ಒಂದು, ಬೀಳು ಬಿಟ್ಟ ಹಂಗಾಮಿಗೆ ಒಂದು ಅಂತ ಎರಡು ಮ್ಯಾಟ್ರಿಕ್ಸ್ ಕಟ್ಟಿದ್ದೇನೆ. ಎರಡೂ ಸ್ಥಿರ. ಒಟ್ಟಿಗೆ ಓಡಿಸಿದರೆ ಉಪ್ಪು ಏರುತ್ತಲೇ ಹೋಗುತ್ತದೆ. ಪ್ರೋಗ್ರಾಂನಲ್ಲಿ ತಪ್ಪಿದೆಯೇ?

ಪ್ರೋಗ್ರಾಂ ಸರಿಯಾಗಿಯೇ ಇರಬಹುದು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಈ ಸಲ ಬಂದ ಪತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ನಿಮ್ಮದೇ.

ಮೊದಲ ಉತ್ತರದ ಮ್ಯಾಟ್ರಿಕ್ಸ್ ಬಿತ್ತನೆ ಹಂಗಾಮಿನದ್ದು ಅನ್ನಿ. ಬೀಳು ಹಂಗಾಮಿನಲ್ಲಿ ಉಪ್ಪು ಸುಡುವುದಕ್ಕೆ ಬೆಳೆ ಇಲ್ಲ, ಹಾಗಾಗಿ ಬಲಗಡೆ ಮೇಲಿನ ಅಂಕಿ 0. ಆದರೆ ಹಿಂದಿನ ಬೆಳೆ ಸೊರಗಿದ್ದರೆ ಕೂಳೆಯ ಹೊದಿಕೆ ಇರುವುದಿಲ್ಲ, ಉಪ್ಪು ಮೇಲೇರುತ್ತದೆ. ಎಡಗಡೆ ಕೆಳಗೆ 2 ಇಡೋಣ. ಸಾಲುಗಳು 0.5, 0 ಮತ್ತು 2, 0.5. ಇದರ ಐಗನ್ ಬೆಲೆಗಳೂ 0.5 ಮತ್ತು 0.5.

ಉಪ್ಪು 1ರಿಂದ ಶುರು ಮಾಡಿ. ಬಿತ್ತನೆ ಹಂಗಾಮು ಮುಗಿದಾಗ ಬೆಳೆಯ ಹಿನ್ನಡೆ 2, ಉಪ್ಪು 0.5. ವಾಹ್, ಉಪ್ಪು ಇಳಿಯಿತು ಅಂದುಕೊಳ್ಳುತ್ತೇವೆ. ಬೀಳು ಹಂಗಾಮು ಮುಗಿದಾಗ ಉಪ್ಪು 4.25. ಇನ್ನೊಂದು ಸುತ್ತು ಆದ ಮೇಲೆ 19ರ ಮೇಲೆ. ಪ್ರತಿ ಸುತ್ತಿಗೆ ಸುಮಾರು ನಾಲ್ಕೂವರೆ ಪಟ್ಟು! ಎರಡು ಮ್ಯಾಟ್ರಿಕ್ಸ್‌ಗಳನ್ನು ಗುಣಿಸಿ, ಗುಣಲಬ್ಧದ ಐಗನ್ ಬೆಲೆ ತೆಗೆಯಿರಿ. 4.49 ಬರುತ್ತದೆ. ನಿಮ್ಮ ಲೆಕ್ಕದಲ್ಲೂ ನೋಡಬೇಕಾದದ್ದು ಆ ಗುಣಲಬ್ಧವನ್ನೇ.

ಆಗಿದ್ದೇನು ಅಂದರೆ, ಒಂದು ಹಂಗಾಮು ಏರುಪೇರನ್ನು ಉಪ್ಪಿನಿಂದ ಬೆಳೆಗೆ ದಾಟಿಸಿತು, ಉಬ್ಬಿಸಿ ದಾಟಿಸಿತು. ಅದು ತಣಿಯುವ ಮೊದಲೇ ಇನ್ನೊಂದು ಹಂಗಾಮು ಅದನ್ನು ಬೆಳೆಯಿಂದ ಉಪ್ಪಿಗೆ ಮತ್ತೆ ಉಬ್ಬಿಸಿ ದಾಟಿಸಿತು. ಬಿತ್ತನೆ ಹಂಗಾಮುಗಳೇ ಸಾಲಾಗಿ ಬಂದಿದ್ದರೆ ಎಲ್ಲ ತಣಿಯುತ್ತಿತ್ತು. ಉತ್ಪ್ರೇಕ್ಷೆಯ ಅಂಕಿ ಇಟ್ಟಿದ್ದೇನೆ, ಒಪ್ಪುತ್ತೇನೆ. ಏರುಪೇರು ದೊಡ್ಡದಾದರೆ ಈ ನೇರ ಗೆರೆಯ ಲೆಕ್ಕವೂ ಕೈಕೊಡುತ್ತದೆ, ಯಾಕೆಂದರೆ ಬೆಳೆ ಪೂರ್ತಿ ಹೋದ ಮೇಲೆ ಇನ್ನಷ್ಟು ಹೋಗಲು ಉಳಿದಿರುವುದಿಲ್ಲ. ಆದರೆ ಶುರುವಿನ ದಿಕ್ಕು ತೋರಿಸಲು ಇದು ಸಾಕು.

ಬಿಸಿ ಮತ್ತು ಬರ ಒಟ್ಟಿಗೆ ಬಂದಾಗಲೂ ಇದೇ ಜಾತಿಯ ತೊಂದರೆ. ನೀರು ಕಮ್ಮಿಯಾದರೆ ಗಿಡ ಎಲೆಯ ಪತ್ರರಂಧ್ರ ಮುಚ್ಚುತ್ತದೆ. ಆವಿ ಹೋಗದಿದ್ದರೆ ಎಲೆ ತಂಪಾಗುವುದಿಲ್ಲ. ಅದೇ ಹೊತ್ತಿಗೆ ಬಿಸಿಗಾಳಿ ಬಂದರೆ ಬರದ ನಷ್ಟ, ಬಿಸಿಯ ನಷ್ಟ ಎರಡನ್ನೂ ಬೇರೆ ಬೇರೆ ಅಳೆದು ಕೂಡಿಸಿದರೆ ಉತ್ತರ ಸಿಗುವುದಿಲ್ಲ. ಬರವೇ ಮ್ಯಾಟ್ರಿಕ್ಸ್‌ನೊಳಗಿನ ಅಂಕಿಯನ್ನು ಬದಲಿಸಿಬಿಟ್ಟಿರುತ್ತದೆ.

ಪ್ರಶ್ನೆ: ನಾನು ಬೇಸಾಯ ಮಾಡುವವನು, ಗಣಿತ ಅಷ್ಟಕ್ಕಷ್ಟೇ. ಒಮ್ಮೆ ಹಾಕಿದ ಕೊಟ್ಟಿಗೆ ಗೊಬ್ಬರದ ಗುಣ ಎಷ್ಟು ವರ್ಷ ಇರುತ್ತದೆ? ಬಿಸಿಲು ಜಾಸ್ತಿಯಾದರೆ ಮಣ್ಣು ಅಸ್ಥಿರವಾಗುತ್ತದೆ ಅಂತಾರೆ, ನಿಜವೇ?

ಗೊಬ್ಬರ ಅಂದರೆ ಒಂದೇ ವಸ್ತುವಲ್ಲ, ಬೇರೆ ಬೇರೆ ವೇಗದಲ್ಲಿ ಕರಗುವ ಗಂಟುಗಳ ಮೂಟೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಮಣ್ಣಿನ ಇಂಗಾಲದ ಮಾದರಿಯಲ್ಲಿ ಬೇಗ ಕೊಳೆಯುವ ಸಸ್ಯಭಾಗದ ವೇಗ ವರ್ಷಕ್ಕೆ 10. ನಿಧಾನಕ್ಕೆ ಕೊಳೆಯುವ ಸಸ್ಯಭಾಗಕ್ಕೆ 0.3, ಸೂಕ್ಷ್ಮಜೀವಿಗಳ ಪಾಲಿಗೆ 0.66, ಚೆನ್ನಾಗಿ ಕೊಳೆತು ಉಳಿದ ಹ್ಯೂಮಸ್‌ಗೆ ಬರೀ 0.02. ಮೊದಲನೆಯದು ಸುಮಾರು 25 ದಿನದಲ್ಲಿ ಅರ್ಧವಾಗುತ್ತದೆ. ಹ್ಯೂಮಸ್ ಅರ್ಧವಾಗಲು ಸುಮಾರು 35 ವರ್ಷ ಬೇಕು. ಇವು ಮೂಲ ವೇಗಗಳು. ಬಿಸಿ, ತೇವ, ನೆಲದ ಹೊದಿಕೆ ನೋಡಿಕೊಂಡು ಇವನ್ನು ಹಿಗ್ಗಿಸಿ ಕುಗ್ಗಿಸುತ್ತಾರೆ.

ಕೆಲವು ವಾರಗಳಲ್ಲಿ ಕಾಣುವುದು ವೇಗದ ಪಾಲು. ದಶಕಗಳ ಲೆಕ್ಕದಲ್ಲಿ ಉಳಿಯುವುದು ನಿಧಾನದ ಪಾಲು. ಇದಕ್ಕೆ ಸಾಕ್ಷಿಯೂ ಅದೇ ರಾಥಮ್‌ಸ್ಟೆಡ್‌ನಲ್ಲಿದೆ. ಅಲ್ಲಿನ ಹೂಸ್‌ಫೀಲ್ಡ್‌ನ ಬಾರ್ಲಿ ಹೊಲದ ಒಂದು ತಾಕಿಗೆ 1852ರಿಂದ 1871ರವರೆಗೆ ಕೊಟ್ಟಿಗೆ ಗೊಬ್ಬರ ಹಾಕಿ ನಿಲ್ಲಿಸಿಬಿಟ್ಟರು. ನೂರು ವರ್ಷ ಕಳೆದ ಮೇಲೂ ಆ ಮಣ್ಣಿನಲ್ಲಿ, ಎಂದೂ ಗೊಬ್ಬರ ಕಾಣದ ಪಕ್ಕದ ತಾಕಿಗಿಂತ ಇಂಗಾಲ ಜಾಸ್ತಿ ಇತ್ತು. ತಾತ ಹಾಕಿದ್ದನ್ನು ಮರಿಮಗ ಉಣ್ಣುವುದು ಅಂದರೆ ಇದೇ.

ಎರಡನೇ ಪ್ರಶ್ನೆಗೆ ನನ್ನ ಉತ್ತರ ನಿಮಗೆ ವಿಚಿತ್ರ ಅನಿಸಬಹುದು. ತೇವ ಇದ್ದು ಬಿಸಿ ಏರಿದರೆ ಈ ಎಲ್ಲ ವೇಗಗಳೂ ಒಟ್ಟಿಗೆ ಏರುತ್ತವೆ. ಎರಡು ಪಟ್ಟು ಆದವು ಅನ್ನಿ. ಆಗ ಮಣ್ಣು ತನ್ನ ಸಮತೋಲಕ್ಕೆ ಎರಡು ಪಟ್ಟು ಬೇಗ ಮರಳುತ್ತದೆ. ಗಣಿತದ ಭಾಷೆಯಲ್ಲಿ ಅದು ಇನ್ನೂ ಗಟ್ಟಿ ಸ್ಥಿರ! ಆದರೆ ವರ್ಷ ವರ್ಷ ಮಣ್ಣಿಗೆ ಸೇರುವ ಕೂಳೆ, ಗೊಬ್ಬರ ಅಷ್ಟೇ ಇದ್ದರೆ, ಆ ಸಮತೋಲದಲ್ಲಿ ಇರುವ ಇಂಗಾಲ ಮೊದಲಿನ ಅರ್ಧ. ಮಣ್ಣು ಬಡವಾಗಿಯೇ ಸ್ಥಿರವಾಗಿ ಕೂರುತ್ತದೆ. ಹಾಗಾಗಿ ಯಾರಾದರೂ ‘ಮಣ್ಣು ಸ್ಥಿರವಾಗಿದೆ’ ಅಂದರೆ, ಎಷ್ಟರಲ್ಲಿ ಸ್ಥಿರವಾಗಿದೆ ಅಂತ ಕೇಳಿ.

ಪ್ರಶ್ನೆ: ಜೀವವೈವಿಧ್ಯ ಹೆಚ್ಚಿದಷ್ಟೂ ಹೊಲ ಸ್ಥಿರ ಅಂತ ಓದಿದ್ದೆ. ಪರಿಸರ ವಿಜ್ಞಾನಿ ರಾಬರ್ಟ್ ಮೇ ಉಲ್ಟಾ ಹೇಳಿದರಂತೆ?

ಮೇ 1972ರಲ್ಲಿ ಹೇಳಿದ್ದು ಷರತ್ತಿನ ಮೇಲೆ. ಜೀವಿಗಳ ನಡುವಿನ ಸಂಬಂಧಗಳನ್ನು ದಾಳ ಉರುಳಿಸಿದ ಹಾಗೆ ಮ್ಯಾಟ್ರಿಕ್ಸ್‌ಗೆ ತುಂಬಿದರೆ, ಜಾತಿಗಳ ಸಂಖ್ಯೆಯನ್ನು ಸಂಬಂಧಗಳ ದಟ್ಟಣೆಯಿಂದ ಗುಣಿಸಿ, ವರ್ಗಮೂಲ ತೆಗೆದು, ಸಂಬಂಧದ ಬಲದಿಂದ ಗುಣಿಸಿ. ಪ್ರತಿ ಜಾತಿ ತನ್ನನ್ನು ತಾನು ಹತೋಟಿಯಲ್ಲಿ ಇಟ್ಟುಕೊಳ್ಳುವ ಬಲವನ್ನು 1 ಅಂತ ಹಿಡಿದರೆ, ಈ ಉತ್ತರ 1 ದಾಟಿದಾಗ ವ್ಯವಸ್ಥೆ ಬಹುತೇಕ ಖಂಡಿತ ಅಸ್ಥಿರ. ಆದರೆ ಹೊಲದಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಅನ್ನೋದು ದಾಳದ ಆಟವಲ್ಲ. ಬಹಳಷ್ಟು ಸಂಬಂಧಗಳು ತೀರಾ ದುರ್ಬಲ, ಕೆಲವೇ ಬಲವಾದವು. ಹಾಗಾಗಿ ಬೆಳೆ ವೈವಿಧ್ಯ ಬೇಡ ಅನ್ನಲು ಮೇ ಅವರನ್ನು ಸಾಕ್ಷಿಗೆ ಕರೆಯಬೇಡಿ.

ಪ್ರಶ್ನೆ: ಹೊಲ ಕೈಮೀರುವ ಮೊದಲೇ ಅಂಕಿಗಳಿಂದ ಸುಳಿವು ಸಿಗುತ್ತದೆಯೇ?

ಕೆಲವೊಮ್ಮೆ. ದೊಡ್ಡ ಐಗನ್ ಬೆಲೆ 0.5 ಇದ್ದರೆ, ಶುರುವಿನ ಉಬ್ಬರ ಕಳೆದ ಮೇಲೆ, ಏರುಪೇರು ಒಂದೊಂದು ಹಂಗಾಮಿನಲ್ಲಿ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಅದು 0.95 ಆದರೆ ಅರ್ಧವಾಗಲು 13 ಹಂಗಾಮು ದಾಟಬೇಕು. ಅಂಚಿಗೆ ಹತ್ತಿರವಾದಷ್ಟೂ ಚೇತರಿಕೆ ನಿಧಾನ. ಹಾಗಾಗಿ ಈ ಹಂಗಾಮಿನ ಅಳತೆ ಹಿಂದಿನದನ್ನೇ ಹೆಚ್ಚು ಹೆಚ್ಚು ಹೋಲತೊಡಗಿದರೆ, ಏರಿಳಿತವೂ ಅಗಲವಾದರೆ ಎಚ್ಚರವಾಗಬೇಕು. ಪರಿಸರ ವಿಜ್ಞಾನಿ ಮಾರ್ಟೆನ್ ಶೆಫರ್ ಮತ್ತು ಜೊತೆಗಾರರು 2009ರಲ್ಲಿ ಇಂಥ ಮುನ್ಸೂಚನೆಗಳನ್ನೆಲ್ಲ ಒಟ್ಟುಮಾಡಿ ಬರೆದಿದ್ದರು.

ಇದಕ್ಕೆ ಉದ್ದನೆಯ ದಾಖಲೆ ಬೇಕು, ನಾಲ್ಕೈದು ಅಳತೆಯಿಂದ ಏನೂ ಹೇಳಲಾಗದು. ಒಂದೇ ದೊಡ್ಡ ಪ್ರವಾಹ ಬಂದು ಮೇಲ್ಮಣ್ಣು ಕೊಚ್ಚಿಹೋದರೆ ಯಾವ ಸುಳಿವೂ ಇರುವುದಿಲ್ಲ. ಇಳುವರಿ ಮಾತ್ರ ನೋಡಬೇಡಿ. ನಮ್ಮ ಉದಾಹರಣೆಯಲ್ಲಿ ಬೆಳೆ ಸೊರಗುವ ಒಂದು ಹಂಗಾಮು ಮೊದಲೇ ಉಪ್ಪು ಏರಿತ್ತು. ಲವಣಾಂಶ ಅಳೆಯುವಾಗ ಪ್ರತಿ ಸಲ ಅದೇ ಆಳದ ಮಣ್ಣು ತೆಗೆಯಿರಿ. ಬಿತ್ತನೆಗೆ ಮುಂಚೆ ಒಮ್ಮೆ, ಕೊಯ್ಲಾದ ಮೇಲೆ ಒಮ್ಮೆ. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದಿಡಿ. ಸೇರಿಸಿ ಸರಾಸರಿ ತೆಗೆದರೆ, ಬೀಳು ಹಂಗಾಮಿನಲ್ಲಿ ಆದ ಏರಿಕೆ ಅದರಲ್ಲೇ ಮುಚ್ಚಿಹೋಗುತ್ತದೆ.