ತಂತ್ರಾಂಶ ಹೇಳಿತೆಂದು ನಾಲ್ಕು ಹಲ್ಲು ಕೀಳಿಸಬೇಕೇ?

ಹದಿನಾಲ್ಕು ವರ್ಷದ ಮಗಳ ಎಕ್ಸ್-ರೇ ನೋಡಿದ ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಮುಂದಿನ ಹಲ್ಲುಗಳು ಮಿತಿ ಮೀರಿ ಚಾಚಿವೆ ಎಂದು ಕೆಂಪು ಗುರುತು ಹಾಕಿದೆ, ನಾಲ್ಕು ಹಲ್ಲು ಕೀಳಿಸಲೇಬೇಕೇ ಎಂದು ಕೇಳಿದ್ದೀರಿ. ಮೊದಲು ಕೇಳಬೇಕಾದದ್ದು, ಅದು ಯಾರ ಮಿತಿ?

ಪಕ್ಕದಿಂದ ತೆಗೆದ ಎಕ್ಸ್-ರೇಯಲ್ಲಿ ಕೋನ ಅಳೆಯುವ ಪ್ರಸಿದ್ಧ ಪದ್ಧತಿಗಳು ಹುಟ್ಟಿದ್ದು ಅಮೆರಿಕದ ಬಿಳಿಯರ ಮುಖಗಳಿಂದ. 1948ರಲ್ಲಿ ಇಂಥದ್ದೊಂದು ಪದ್ಧತಿ ರೂಪಿಸಿದ ದಂತವೈದ್ಯ ಡೌನ್ಸ್ ಆಧಾರವಾಗಿ ತೆಗೆದುಕೊಂಡದ್ದು ಬರೀ 20 ಮಂದಿಯನ್ನು! ಇನ್ನೊಂದು ಪ್ರಸಿದ್ಧ ಪದ್ಧತಿಯಾದ ಸ್ಟೈನರ್ ಪ್ರಕಾರ ಮೇಲಿನ ಬಾಚಿಹಲ್ಲಿನ ಓರೆ 22 ಡಿಗ್ರಿ ಇರಬೇಕು, ಕೆಳಗಿನದರದು 25. ದಕ್ಷಿಣ ಭಾರತದ ಆರೋಗ್ಯವಂತ ಮುಖಗಳಲ್ಲೂ ಹಲ್ಲು, ತುಟಿ ಇದಕ್ಕಿಂತ ಮುಂದಿರುವುದು ಸಾಮಾನ್ಯ. ಕೋನ ಅಳೆಯಲು ಎಕ್ಸ್-ರೇ ಮೇಲೆ ಹಾಕುವ ಬಿಂದುಗಳನ್ನು ತಂತ್ರಾಂಶ ಕರಾರುವಾಕ್ಕಾಗಿ ಗುರುತಿಸಿದರೂ, ಹೋಲಿಸುವ ಅಳತೆಗೋಲು ಬೇರೆಯವರದಾದರೆ ನಮ್ಮ ಸಹಜ ಮುಖವೇ ದೋಷವೆನಿಸುತ್ತದೆ. ಇನ್ನು ಒಂದೇ ಸಮುದಾಯದ ಚಿತ್ರಗಳಿಂದ ಕಲಿತಿದ್ದರೆ ಬಿಂದುಗಳೂ ತಪ್ಪಬಹುದು.

ಹಾಗೆಂದು ಕೀಳಿಸುವುದೇ ಬೇಡವೆಂದಲ್ಲ. ಹಲ್ಲುಗಳು ಒತ್ತೊತ್ತಾಗಿ ಜಾಗವಿಲ್ಲದಿದ್ದರೆ, ಬಾಯಿ ಮುಚ್ಚಲು ತುಟಿಯನ್ನು ಬಿಗಿಹಿಡಿಯಬೇಕಾದರೆ ಅದು ಬೇಕಾಗಬಹುದು. ಆ ನಿರ್ಧಾರ ಮಗುವನ್ನು ಎದುರಿಗೆ ಕೂರಿಸಿಕೊಂಡು, ವಸಡು ಮತ್ತು ನಗು ನೋಡಿ ಆಗಬೇಕು. ವರದಿಯಲ್ಲಿ ಯಾವ ಜನಸಮುದಾಯದ ಮಾನದಂಡ ಆಯ್ಕೆಯಾಗಿದೆ ಎಂದು ವೈದ್ಯರನ್ನು ಕೇಳಿ. ಅನೇಕ ತಂತ್ರಾಂಶಗಳಲ್ಲಿ ಅದನ್ನು ಬದಲಿಸಬಹುದು. ಪ್ರಶ್ನೆಗೆ ಅವರು ಸಿಡುಕಿದರೆ ಇನ್ನೊಬ್ಬ ಆರ್ಥೊಡಾಂಟಿಸ್ಟ್ (ಹಲ್ಲಿನ ಸಾಲು ಸರಿಪಡಿಸುವ ತಜ್ಞ) ಬಳಿ ಹೋಗಿ. ಕಿತ್ತ ಹಲ್ಲು ಮತ್ತೆ ಬರುವುದಿಲ್ಲ, ತಂತಿ ಹಾಕಿಸಲು ಕೆಲವು ವಾರ ತಡವಾದರೆ ಸಾಮಾನ್ಯವಾಗಿ ನಷ್ಟವಿಲ್ಲ.